ಊದಿದ ಕಾಲನ್ನು ತಿಕ್ಕಬೇಡಿ

ದೀರ್ಘ ಪ್ರಯಾಣದ ನಂತರ ತಾಯಿಯ ಎಡ ಮೀನಖಂಡ ಊದಿಕೊಂಡಿದೆ, ಮೊದಲಿನಿಂದಲೂ ಉಬ್ಬಿದ ನರಗಳಿವೆ, ತಿಕ್ಕಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ದಯವಿಟ್ಟು ತಿಕ್ಕಬೇಡಿ. ಇಂದೇ ವೈದ್ಯರಿಗೆ ತೋರಿಸಿ.

ಚರ್ಮದಡಿ ಗಂಟುಗಂಟಾಗಿ ಕಾಣುವುದು ನರಗಳಲ್ಲ, ಕವಾಟ ಸಡಿಲಗೊಂಡ ಅಭಿಧಮನಿಗಳು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ರಕ್ತನಾಳಗಳು. ಅದು ನಿಧಾನದ ತೊಂದರೆ. ಆದರೆ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೆ, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂಬ ಅನುಮಾನ ಮೊದಲು ಬರಬೇಕು. ತಿಕ್ಕಿದರೆ ಆ ಹೆಪ್ಪಿನ ತುಣುಕು ಕಳಚಿಕೊಳ್ಳಬಹುದು.

ನನ್ನ ತಂದೆಯವರ ಪರೀಕ್ಷೆಯ ವೇಳೆ ಪಕ್ಕದಲ್ಲೇ ನಿಂತಿದ್ದೆ. ತಜ್ಞರು ಡಾಪ್ಲರ್ ಸ್ಕ್ಯಾನ್ (ಶಬ್ದತರಂಗಗಳಿಂದ ರಕ್ತನಾಳ ನೋಡುವ ಪರೀಕ್ಷೆ) ಉಪಕರಣವನ್ನು ತೊಡೆಯ ಮೇಲೆ ಒತ್ತಿದಾಗ, ಪರದೆಯ ಮೇಲೆ ಕಪ್ಪು ವೃತ್ತವಾಗಿ ಕಾಣುತ್ತಿದ್ದ ಅಭಿಧಮನಿ ಕಣ್ಣು ಮುಚ್ಚಿದಂತೆ ಚಪ್ಪಟೆಯಾಯಿತು; ಹೆಪ್ಪಿಲ್ಲದಿದ್ದರೆ ಹಾಗೆಯೇ ಆಗುತ್ತದೆ. ಮಂಡಿಯ ಹಿಂದೆ ಒತ್ತಿದಾಗ ಮುಚ್ಚಲೇ ಇಲ್ಲ. ಹೆಪ್ಪು ಇದ್ದದ್ದು ಅಲ್ಲೇ. ಸೂಜಿ ಚುಚ್ಚುವ ಪರೀಕ್ಷೆಯಲ್ಲ, ತಾಯಿಗೆ ಧೈರ್ಯ ಹೇಳಿ.

ಸಾಮಾನ್ಯವಾಗಿ ಕೊಡುವ ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ದೇಹದ್ದೇ. ಅದಕ್ಕೇ ಊತ ಇಳಿದ ಮೇಲೂ ಕನಿಷ್ಠ 3 ತಿಂಗಳು ಮುಂದುವರಿಸಲು ಹೇಳುತ್ತಾರೆ. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಒಂದು ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ: ಹೆಪ್ಪಿನ ತುಣುಕು ಶ್ವಾಸಕೋಶ ತಲುಪಿರಬಹುದು. ಉಬ್ಬಿದ ರಕ್ತನಾಳಗಳ ಲೇಸರ್ ಚಿಕಿತ್ಸೆಯ ವಿಚಾರವನ್ನು ಆಮೇಲೆ ನೋಡಿದರಾಯಿತು.