ಟಬ್ಬಿಗೆ ಕೊಟ್ಟ ಹಳೆ ಮೊಬೈಲ್

"ಮೇಡಂ, ಕೆಟ್ಟು ಹೋಗಿರೋ ಮೊಬೈಲ್‌ನಿಂದ ಫೋಟೋ ತೆಗೆಯೋಕೆ ಆಗುತ್ತಾ?"

ಮೂರನೇ ಭೇಟಿ ಮುಗಿಸಿ ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು ಕೇಳಿದ ಪ್ರಶ್ನೆ ಇದು. ಅಲ್ಲಿಯವರೆಗೆ ಆಕೆ ಹೇಳಿದ್ದು ಬೇರೆಯೇ. ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ, ಅತ್ತೆಯ ಜೊತೆ ಮಾತು ಕಡಿಮೆಯಾಗಿದೆ. ಹಾಸನದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಾ ನಾನು ಕಂಡುಕೊಂಡದ್ದು ಒಂದಿದೆ. ತುಂಬಾ ಭಾರವಾದ ಮಾತು ಹೊಸ್ತಿಲ ಹತ್ತಿರವೇ ಬಾಯಿಗೆ ಬರುತ್ತದೆ. ಮತ್ತೆ ಕೂರಲು ಹೇಳಿದೆ.

ಆಕೆಗೆ 26 ವರ್ಷ, ಆಲೂರು ಕಡೆಯ ಹಳ್ಳಿ. ಗಂಡ ಪಿಕಪ್ ಓಡಿಸುತ್ತಾರೆ. ಶುಂಠಿ, ಆಲೂಗಡ್ಡೆ ಸಾಗಿಸುವ ಕೆಲಸ. 11 ತಿಂಗಳ ಮಗು ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆ ಒಪ್ಪಿದ್ದಾರೆ.

ಆಕೆಯ ಹಳೆ ಫೋನಿನ ಡಿಸ್‌ಪ್ಲೇ ಒಡೆದು ಕಪ್ಪಾಗಿತ್ತು. ಹೊಸ ಫೋನ್ ಬಂದ ಮೇಲೆ ಸಿಮ್ ತೆಗೆದು, ಹಳೆಯದನ್ನು ಅಡುಗೆಮನೆ ಗೂಡಿನಲ್ಲಿ ಇಟ್ಟಿದ್ದರು. ಒಂದು ದಿನ ಬೈಕ್‌ನಲ್ಲಿ ಮೈಕ್ ಕಟ್ಟಿಕೊಂಡು ವ್ಯಾಪಾರದವನು ಬಂದ. ಹಳೆ ಮೊಬೈಲ್, ಕೆಟ್ಟ ಮೊಬೈಲ್ ಕೊಟ್ಟರೆ ಪ್ಲಾಸ್ಟಿಕ್ ಸಾಮಾನು. ಆಕೆ ತವರಿಗೆ ಹೋಗಿದ್ದರು. ಅತ್ತೆ ಫೋನ್ ಕೊಟ್ಟು ನೀಲಿ ಟಬ್ ತೆಗೆದುಕೊಂಡರು. ಮೊಮ್ಮಗುವಿಗೆ ಸ್ನಾನ ಮಾಡಿಸಲು.

"ಆ ಟಬ್ ನೋಡಿದ್ರೆ ಕೈಕಾಲು ತಣ್ಣಗಾಗುತ್ತೆ ಮೇಡಂ. ಮಗೂನ ಅದರಲ್ಲಿ ಕೂರಿಸೋಕೇ ಆಗಲ್ಲ. ಅತ್ತೆಗೆ ಬೇಜಾರು. ನಾನು ತಂದಿದ್ದು ಇವಳಿಗೆ ಆಗಲ್ಲ ಅಂದ್ಕೊಂಡಿದಾರೆ."

ಫೋನಿನಲ್ಲಿ ಏನಿತ್ತು? ಬಾಣಂತನದಲ್ಲಿ ಆಕೆಗೆ ಹಾಲು ಕಟ್ಟಿಕೊಂಡು ಎದೆ ಬಾತಿತ್ತು. ನರ್ಸ್ ಆಗಿರುವ ಅಕ್ಕ ಫೋಟೋ ಕಳಿಸು, ನೋಡಿ ಹೇಳುತ್ತೇನೆ ಅಂದರು. ಮೂರು ಫೋಟೋ ಹೋಗಿದ್ದವು. ಅದು ಕಾಯಿಲೆಯ ಫೋಟೋ. ಆದರೆ ನೋಡುವವನು ಹಾಗೆ ನೋಡುತ್ತಾನಾ? ಆಕೆಯ ಎರಡು ತಿಂಗಳ ನಿದ್ದೆ ಆ ಒಂದು ಪ್ರಶ್ನೆಯಲ್ಲಿ ಹೋಗಿತ್ತು. ಅಕ್ಕನಿಗೆ ಕಳಿಸಿದ ವಾಯ್ಸ್ ಮೆಸೇಜ್‌ಗಳೂ ಇದ್ದವು. ಅವುಗಳಲ್ಲಿ ಅತ್ತೆಯ ಮೇಲಿನ ದೂರು ಜಾಸ್ತಿ. ಗಂಡನಿಗೆ ಯಾವುದನ್ನೂ ಹೇಳಿರಲಿಲ್ಲ.

ಮೊದಲು ನಾನು ಹೇಳಿದ್ದು ಇಷ್ಟು: ನೀವು ತಪ್ಪು ಮಾಡಿಲ್ಲ. ಕಾಯಿಲೆ ಬಂದಾಗ ಅಕ್ಕನಿಗೆ ತೋರಿಸಿದಿರಿ. ಇದನ್ನು ಆ ದಿನ ನಾಲ್ಕು ಸಲವಾದರೂ ಹೇಳಿರಬೇಕು. ನಾಚಿಕೆಯಲ್ಲಿ ಮುಳುಗಿದವರಿಗೆ ಒಂದು ಸಲ ಹೇಳಿದ್ದು ಕಿವಿಗೆ ಬೀಳುವುದಿಲ್ಲ.

ಆಮೇಲೆ ಆಕೆಯ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕಿತ್ತು. ಏನೂ ಆಗಲ್ಲ ಬಿಡಿ ಅಂದುಬಿಡುವುದು ಸುಲಭ. ಆದರೆ ಅದು ಸುಳ್ಳು. ಡಿಸ್‌ಪ್ಲೇ ಅನ್ನುವುದು ಕಿಟಕಿ ಗಾಜಿನ ಹಾಗೆ. ಗಾಜು ಒಡೆದರೆ ಮನೆಯೊಳಗಿನ ಸಾಮಾನು ಎಲ್ಲೂ ಹೋಗುವುದಿಲ್ಲ. ಬೇರೆ ಡಿಸ್‌ಪ್ಲೇ ಹಾಕಿದರೆ ಫೋನ್ ಮತ್ತೆ ಏಳುತ್ತದೆ. ಇಂಥ ವ್ಯಾಪಾರದಲ್ಲಿ ಸಂಗ್ರಹಿಸಿದ ಫೋನ್‌ಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಒಂದು ಉದಾಹರಣೆಯೂ ಇದೆ. 2024ರ ಆಗಸ್ಟ್‌ನಲ್ಲಿ ತೆಲಂಗಾಣದ ಗೋದಾವರಿಖನಿಯಲ್ಲಿ ಪೊಲೀಸರು ಬಿಹಾರದ ಮೂವರನ್ನು ಹಿಡಿದರು. ಅವರ ಬಳಿ ಸುಮಾರು 4,000 ಹಳೆ ಮೊಬೈಲ್ ಸಿಕ್ಕವು. ಸೈಬರ್ ವಂಚಕರಿಗೆ ತಲುಪಿಸಲು ಕೂಡಿಟ್ಟವು ಅವು ಎಂದು ಪೊಲೀಸರು ಹೇಳಿದರು. ಎಲ್ಲ ಟಬ್ ವ್ಯಾಪಾರಿಗಳೂ ಹೀಗೆ ಎಂದಲ್ಲ. ಹೊಟ್ಟೆಪಾಡಿಗೆ ಊರೂರು ಸುತ್ತುವವರೂ ಇದ್ದಾರೆ.

ಇದನ್ನು ಆಕೆಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಕೊನೆಗೆ ಹೇಳಿದೆ. ಗೊತ್ತಿಲ್ಲದ ಭಯಕ್ಕೆ ಅಳತೆ ಇರುವುದಿಲ್ಲ. ಗೊತ್ತಿರುವುದಕ್ಕೆ ಇರುತ್ತದೆ.

ಹಾಗಾಗಿ ಅಳತೆ ಮಾಡಲು ಕೂತೆವು. ನನಗೆ ಪರಿಚಯದ ಮೊಬೈಲ್ ರಿಪೇರಿಯವರೊಬ್ಬರಿದ್ದಾರೆ. ಹೆಸರು ಹೇಳದೆ ಅವರನ್ನು ಕೇಳಿದೆ. ಅವರ ಮೊದಲ ಪ್ರಶ್ನೆ, ಫೋನ್ ಯಾವಾಗಿನದು, ಲಾಕ್ ಇತ್ತಾ? ಆಕೆಯ ಫೋನ್ 2021ರದ್ದು, ಪ್ಯಾಟರ್ನ್ ಲಾಕ್ ಇತ್ತು. ಇದು ಒಳ್ಳೆಯ ಸುದ್ದಿ. 2019ರಲ್ಲಿ ಬಂದ ಆಂಡ್ರಾಯ್ಡ್ 10ರ ಜೊತೆ ಮಾರುಕಟ್ಟೆಗೆ ಬರುವ ಹೊಸ ಫೋನ್‌ಗಳೆಲ್ಲ ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡಬೇಕು ಎಂಬ ನಿಯಮವಾಯಿತು. ಲಾಕ್ ತೆರೆಯದೆ ಚಿಪ್ ಕಿತ್ತು ಓದಿದರೂ ಅರ್ಥವಿಲ್ಲದ ಅಕ್ಷರ ಸಿಗುತ್ತದೆ ಅಷ್ಟೆ. ಅದಕ್ಕೂ ಹಿಂದಿನ ಅಗ್ಗದ ಫೋನ್‌ಗಳಲ್ಲಿ ಈ ರಕ್ಷಣೆ ಇಲ್ಲದೆಯೂ ಇರಬಹುದು. ಅವುಗಳಲ್ಲಿ ಫೋಟೋ ಡಿಲೀಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದ ಹಾಗೆ. ಪುಟಗಳು ಅಲ್ಲೇ ಇರುತ್ತವೆ.

ಅವರ ಎರಡನೇ ಪ್ರಶ್ನೆ, ಮೆಮೊರಿ ಕಾರ್ಡ್ ಇತ್ತಾ? ಇತ್ತು. ಕ್ಯಾಮೆರಾದಲ್ಲಿ ತೆಗೆದದ್ದೆಲ್ಲ ಕಾರ್ಡ್‌ಗೇ ಹೋಗುತ್ತಿತ್ತು. ಆ ಮೂರು ಫೋಟೋ, ಆಧಾರ್ ಕಾರ್ಡ್, ಪಾಸ್‌ಬುಕ್ಕಿನ ಫೋಟೋಗಳು, ಮಗು ಹುಟ್ಟಿದ ದಿನದ ಫೋಟೋಗಳು. ಕಾರ್ಡ್‌ಗೆ ಸಾಮಾನ್ಯವಾಗಿ ಯಾವ ಲಾಕೂ ಇರುವುದಿಲ್ಲ. ಯಾವ ಫೋನಿಗೆ ಹಾಕಿದರೂ ತೆರೆದುಕೊಳ್ಳುತ್ತದೆ. ಇದನ್ನು ಕೇಳಿ ಆಕೆ ಬಹಳ ಹೊತ್ತು ಅತ್ತರು. ನಾನು ಸಮಾಧಾನದ ಮಾತು ಹುಡುಕಲಿಲ್ಲ. ಪಕ್ಕದಲ್ಲಿ ಕೂತಿದ್ದೆ.

ಮಾಡಬಹುದಾದದ್ದನ್ನು ಒಂದೊಂದಾಗಿ ಮಾಡಿದೆವು. ಇಲ್ಲಿ ಕ್ರಮ ಮುಖ್ಯ. ಕಳೆದ ಫೋನ್ ಹುಡುಕುವ ಗೂಗಲ್‌ನ ಸೌಲಭ್ಯದಲ್ಲಿ ದೂರದಿಂದಲೇ ಫೋನ್ ಅಳಿಸುವ ಆದೇಶ ಕೊಡಬಹುದು. ಫೋನ್ ಆಫ್ ಆಗಿದ್ದರೂ ಮುಂದೆ ಇಂಟರ್ನೆಟ್‌ಗೆ ಬಂದಾಗ ಆ ಆದೇಶ ಜಾರಿಯಾಗುತ್ತದೆ. ಆದರೆ ಅದಕ್ಕೆ ಫೋನಿನಲ್ಲಿ ನಮ್ಮ ಖಾತೆ ಉಳಿದಿರಬೇಕು. ಗಾಬರಿಯಲ್ಲಿ ಮೊದಲು ಖಾತೆಯಿಂದ ಆ ಫೋನನ್ನು ತೆಗೆದುಬಿಟ್ಟರೆ ಅಳಿಸುವ ದಾರಿ ಮುಚ್ಚಿಹೋಗುತ್ತದೆ. ನಾವು ಮೊದಲು ಅಳಿಸುವ ಆದೇಶ ಕೊಟ್ಟೆವು. ಅದೇ ದಿನ ಯುಪಿಐ ಪಿನ್ ಬದಲಿಸಿದರು, ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿದರು. ಹತ್ತು ದಿನ ಕಾದು ಜಿಮೇಲ್ ಪಾಸ್‌ವರ್ಡ್ ಬದಲಿಸಿದೆವು. ಅಕ್ಕನೂ ತನ್ನ ಫೋನಿನಲ್ಲಿದ್ದ ಆ ಫೋಟೋಗಳನ್ನು ಅಳಿಸಿದರು. ಅದು ಯಾರಿಗೂ ಹೊಳೆದೇ ಇರಲಿಲ್ಲ.

ಫೋನಿನ ಡಬ್ಬಿ ಅಟ್ಟದಲ್ಲಿತ್ತು. ಅದರ ಮೇಲೆ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಅದನ್ನೂ, ಫೋನ್ ಕೈಬಿಟ್ಟ ದಿನವನ್ನೂ ಬರೆದು ಠಾಣೆಗೆ ಅರ್ಜಿ ಕೊಡಲು ಹೇಳಿದೆ. ನಾಳೆ ಆ ಫೋನಿನಿಂದ ಯಾರಾದರೂ ವಂಚನೆ ಮಾಡಿದರೆ ತಮ್ಮ ಕೈಯಲ್ಲಿ ಒಂದು ಕಾಗದ ಇರಲಿ ಎಂದು.

ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸಿದರೆ ಏನು ಮಾಡಬೇಕು ಎಂಬುದನ್ನೂ ಮಾತಾಡಿದೆವು. ದುಡ್ಡು ಕೊಡಬೇಡಿ. ಮೆಸೇಜ್ ಅಳಿಸಬೇಡಿ, ಅದೇ ಸಾಕ್ಷಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋಟೋ ವಿಷಯವಾದರೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಒಪ್ಪಿಗೆ ಇಲ್ಲದೆ ಇಂಥ ಫೋಟೋ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂನಲ್ಲಿ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ನಡುರಾತ್ರಿ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಬೆಳಗಾಗುವವರೆಗೆ ಒಬ್ಬರೇ ಒದ್ದಾಡಬೇಡಿ ಎಂದೆ.

ಉಳಿದದ್ದು ಗಂಡನಿಗೆ ಹೇಳುವ ವಿಷಯ. ಆಕೆ ಒಪ್ಪಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಹೇಳಿದರೆ ಏನಾಗಬಹುದು ಅನಿಸುತ್ತದೆ ಎಂದು ಕೇಳಿದೆ. "ಬೈತಾರೆ." ಈಗ ನೀವು ನಿಮ್ಮನ್ನು ಬೈದುಕೊಳ್ಳುತ್ತಿರುವುದಕ್ಕಿಂತ ಜಾಸ್ತಿ ಬೈತಾರಾ? ಆಕೆ ಸುಮ್ಮನಾದರು. ಏನು ಹೇಳಬೇಕು ಎಂದು ಇಬ್ಬರೂ ಸೇರಿ ನಾಲ್ಕು ವಾಕ್ಯ ಜೋಡಿಸಿದೆವು. ಅತ್ತೆಯ ಮೇಲೆ ತಪ್ಪು ಹೊರಿಸುವ ಒಂದು ಪದವೂ ಅದರಲ್ಲಿ ಇರಬಾರದು ಎಂದು ನಾನು ಹಟ ಹಿಡಿದೆ. ಆ ಹಿರಿಯರಿಗೆ ಅದು ಕತ್ತಲಾದ ಒಂದು ಡಬ್ಬಿ ಅಷ್ಟೆ. ಮೊಮ್ಮಗುವಿನ ಮೇಲಿನ ಆಸೆಗೆ ಕೊಟ್ಟರು.

ಮುಂದಿನ ಭೇಟಿಗೆ ಗಂಡನೂ ಬಂದಿದ್ದರು. ಕೂರುವ ಮೊದಲೇ ಜೇಬಿನಿಂದ ಸಣ್ಣ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮೆಮೊರಿ ಕಾರ್ಡ್. ಡಿಸ್‌ಪ್ಲೇ ಹೋದ ವಾರವೇ ಅದನ್ನು ತೆಗೆದು ಪಿಕಪ್‌ನ ಪ್ಲೇಯರ್‌ಗೆ ಹಾಕಿಕೊಂಡಿದ್ದರಂತೆ, ಹಾಡು ಕೇಳಲು. "ಒಂದು ಮಾತು ಕೇಳಿದ್ರೆ ಆವತ್ತೇ ಹೇಳ್ತಿದ್ದೆ ಮೇಡಂ" ಅಂದರು. ಬೈಯಲಿಲ್ಲ. ಅವರ ಕಣ್ಣೂ ತುಂಬಿತ್ತು. ಎರಡು ತಿಂಗಳು ಆ ಫೋಟೋಗಳು ಶುಂಠಿ ಮೂಟೆಗಳ ಜೊತೆ ಹಾಸನಕ್ಕೂ ಊರಿಗೂ ಓಡಾಡಿದ್ದವು.

ಫೋನಿನ ಒಳಗೆ ಉಳಿದಿರುವ ವಾಯ್ಸ್ ಮೆಸೇಜ್‌ಗಳ ಬಗ್ಗೆ ಪೂರ್ತಿ ಖಾತ್ರಿ ಕೊಡಲು ನನಗೆ ಆಗುವುದಿಲ್ಲ. ಹಾಗೆಂದು ಇಬ್ಬರಿಗೂ ಹೇಳಿದೆ. ಲಾಕ್ ಇದೆ, ಗೂಢಲಿಪಿ ಇದೆ, ಅಳಿಸುವ ಆದೇಶ ಕೊಟ್ಟಾಗಿದೆ. ಇಷ್ಟರ ಮೇಲೆ ನಿದ್ದೆ ಮಾಡಬಹುದು.

ಮನೆಯಲ್ಲಿ ಗಂಡನದೂ ಒಂದು ಹಳೆ ಫೋನ್ ಇತ್ತು. ಅದನ್ನು ಕೊಡುವ ಮೊದಲು ಏನು ಮಾಡಬೇಕು ಎಂದು ಅವರೇ ಕೇಳಿದರು. ಸಿಮ್, ಕಾರ್ಡ್ ಎರಡನ್ನೂ ತೆಗೆಯಿರಿ. ಬೇಕಾದ ಫೋಟೋ ಬೇರೆ ಕಡೆ ಇಟ್ಟುಕೊಳ್ಳಿ. ಬ್ಯಾಂಕ್ ಆ್ಯಪ್‌ಗಳಿಂದ ಹೊರಬನ್ನಿ. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಖಾತೆ ತೆಗೆಯದೆ ರಿಸೆಟ್ ಮಾಡಿದರೆ ಕೊಂಡವರಿಗೆ ಫೋನ್ ತೆರೆಯದೆಯೂ ಇರಬಹುದು. ಡಿಸ್‌ಪ್ಲೇ ಹೋಗಿದ್ದರೆ ರಿಪೇರಿ ಅಂಗಡಿಯಲ್ಲಿ ಬೇರೆ ಡಿಸ್‌ಪ್ಲೇ ಜೋಡಿಸಿ, ನೀವು ಎದುರಿಗೇ ನಿಂತು ರಿಸೆಟ್ ಮಾಡಿಸಿ. ಆನ್ ಆಗದ ಫೋನನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಬ್ಯಾಟರಿಗೆ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡಿ.

ಮೊನ್ನೆ ಆಕೆ ಫೋನ್ ಮಾಡಿದ್ದರು. ಮಗು ಹುಟ್ಟಿದ ದಿನದ ಫೋಟೋಗಳನ್ನು ಪ್ರಿಂಟ್ ಹಾಕಿಸಿದ್ದಾರೆ. ಒಂದು ಅತ್ತೆಯ ಮಂಚದ ಪಕ್ಕದ ಗೋಡೆಯಲ್ಲಿದೆ. ಕಾರ್ಡ್ ಬೀರುವಿನೊಳಗೆ ಸೇರಿದೆ. ಪಿಕಪ್‌ಗೆ ಹಾಡಿನ ಪೆನ್‌ಡ್ರೈವ್ ಬೇರೆ ಬಂದಿದೆ. ಮಾತಿನ ಹಿಂದೆ ನೀರು ಚಿಮ್ಮುವ ಸದ್ದು ಕೇಳುತ್ತಿತ್ತು. ಏನದು ಎಂದೆ. "ಅತ್ತೆ ಮಗೂಗೆ ಸ್ನಾನ ಮಾಡಿಸ್ತಿದಾರೆ ಮೇಡಂ, ಅದೇ ಟಬ್ಬಲ್ಲಿ" ಅಂದರು.