ಕೆಜಿಎಫ್‌ನ ಹಳೇ ಬೀದಿದೀಪ

ಪ್ರಶ್ನೆ: ಕೆಜಿಎಫ್‌ನಲ್ಲಿ ಮುಚ್ಚಿದ ಗಣಿಯ ಹತ್ತಿರ ತುಕ್ಕು ಹಿಡಿದ ಬೀದಿದೀಪದ ಕಂಬಗಳಿವೆ. ತಗಡಿನ ಟೋಪಿ, ಒಳಗೆ ದಪ್ಪ ಬಿಳಿ ಬಲ್ಬ್. ಶಿವನಸಮುದ್ರದ ಕರೆಂಟ್ ಬಂದ ಕಾಲದ್ದಾ ಇವು?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಕಂಬದ ವಯಸ್ಸು ಬೇರೆ, ಬಲ್ಬಿನ ವಯಸ್ಸು ಬೇರೆ ಸ್ವಾಮಿ. ಶಿವನಸಮುದ್ರದ ಕರೆಂಟ್ ಗಣಿಗೆ ಬಂದದ್ದು 1902ರಲ್ಲಿ, ಅದೂ ಮುಖ್ಯವಾಗಿ ಯಂತ್ರ ಓಡಿಸೋಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ! ನೀವು ಹೇಳುವ ದಪ್ಪ ಬಿಳಿ ಬಲ್ಬ್ ಬಹುಶಃ ಮರ್ಕ್ಯುರಿ ವೇಪರ್, ಅಂದರೆ ಪಾದರಸದ ಆವಿಯಿಂದ ಬೆಳಗುವ ದೀಪ. ಆ ಜಾತಿ ಮಾರುಕಟ್ಟೆಗೆ ಬಂದದ್ದು 1930ರ ದಶಕದಲ್ಲಿ. ಗಣಿ ಮುಚ್ಚಿದ್ದು 2001ರಲ್ಲಿ, ಅಲ್ಲಿವರೆಗೆ ಎಷ್ಟು ಸಲ ಬಲ್ಬ್ ಬದಲಾಯಿಸಿದರೋ!

ನಾನು ಲೈನ್‌ಮ್ಯಾನ್ ಆಗಿದ್ದವನು. ಈ ಬಲ್ಬಿನ ಕಾಟ ಚೆನ್ನಾಗಿ ಗೊತ್ತು. ಕರೆಂಟ್ ಹೋಗಿ ಬಂದರೆ ತಕ್ಷಣ ಹತ್ತಲ್ಲ, ತಣ್ಣಗಾಗೋಕೆ ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಜನ ದೂರು ಕೊಟ್ಟಾಗಿರುತ್ತಿತ್ತು.

ಟೋಪಿಯ ಅಂಚು ನೋಡಿ. ಹೊರಗೆ ಹಸಿರು, ಒಳಗೆ ಬಿಳಿ ಎನಾಮಲ್ (ಕಾಯಿಸಿ ಕೂರಿಸಿದ ಗಾಜಿನಂಥ ಲೇಪ) ಇದ್ದು, ಚಕ್ಕೆ ಎದ್ದ ಕಡೆ ಮಾತ್ರ ತುಕ್ಕಿದ್ದರೆ ಅದು ಹಳೇ ಮಾಲು. ಸುಮ್ನೆ ಪೇಂಟ್ ಆಗಿದ್ದರೆ ಪದರ ಪದರವಾಗಿ ಏಳುತ್ತೆ.

ಫೋಟೋ ತೆಗೆಯಿರಿ, ಕಂಬ ಹತ್ತಬೇಡಿ. ಬಲ್ಬ್ ಬಿಚ್ಚೋದಂತೂ ಬೇಡ, ಒಡೆದರೆ ಒಳಗೆ ಪಾದರಸ ಇರುತ್ತೆ.