ರಾಜಕುಮಾರನಿಗೆ ರಸ್ಟ್ ಹಿಡಿಸುವ ಮುನ್ನ

*ಈ ವಾರದ ಅಂಚೆಯಲ್ಲಿ ಹಳೆಯ ಕಂಪ್ಯೂಟರ್ ಆಟಗಳ ಎಂಜಿನ್‌ಗಳನ್ನು (ಆಟದ ನಿಯಮ ನಡೆಸುವ ಪ್ರೋಗ್ರಾಮ್‌ಗಳನ್ನು) ಅಭಿಮಾನಿಗಳು ಹೊಸದಾಗಿ ಬರೆಯುವುದರ ಬಗ್ಗೆಯೇ ನಾಲ್ಕು ಪತ್ರ ಬಂದಿವೆ. ಪ್ರಿಂಟರ್ ರಿಪೇರಿ ಕೇಳಿದವರು ಮುಂದಿನ ವಾರದವರೆಗೆ ತಾಳಬೇಕು.*

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ನೆಪದಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ದ ಎಂಜಿನ್ ಅನ್ನು ಸೊನ್ನೆಯಿಂದ ಬರೆಯಲು ಹೊರಟೆ. ನಾಲ್ಕು ತಿಂಗಳಾಯಿತು. ಮೆನು ಬಂತು, ಒಂದು ಕೋಣೆ ಬಂತು, ಹುಡುಗ ನಿಂತಿದ್ದಾನೆ, ಓಡುತ್ತಿಲ್ಲ. ಮೆಮೊರಿ ಬಳಕೆಯ ತಪ್ಪು ಹಿಡಿಯುವ ರಸ್ಟ್‌ನ ಬಾರೋ ಚೆಕರ್ ದಿನಾ ಬೈಯುತ್ತದೆ. ರೂಮ್‌ಮೇಟ್ ‘ಝಿಗ್ ಭಾಷೆಗೆ ಬಾ’ ಅನ್ನುತ್ತಿದ್ದಾನೆ. ಹೋಗಲೇ?
— ವಿದ್ಯಾರ್ಥಿ, ಹಾಸನ

ಉತ್ತರ: ಮಾರಾಯ, ಭಾಷೆ ಬದಲಿಸಬೇಡ, ಬರೆಯುವ ಕ್ರಮ ಬದಲಿಸು.

ನಮ್ಮ ಸಾಗರದ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರೆ. ಒಡೆದ ಹಂಚು ತೆಗೆದು ಹೊಸದು ಇಡುವುದು, ಲಡ್ಡಾದ ರೀಪು ಒಂದೊಂದೇ ಬದಲಿಸುವುದು. ಕೆಳಗೆ ಅಡುಗೆ ನಡೆದೇ ಇರುತ್ತದೆ. ನೀನು ಮಾಡಿದ್ದು ಪಕ್ಕದ ಸೈಟಿನಲ್ಲಿ ಹೊಸ ಪಾಯ ತೋಡಿದ್ದು.

‘ರೋಲರ್‌ಕೋಸ್ಟರ್ ಟೈಕೂನ್ 2’ರ ಎಂಜಿನ್ ಹೊಸದಾಗಿ ಬರೆದ ‘ಓಪನ್‌ಆರ್‌ಸಿಟಿ2’ ಹುಡುಗರು 2014ರಲ್ಲಿ ಶುರು ಮಾಡಿದ್ದು ಹಂಚು ಕೈಯಾಡಿಸುವ ರೀತಿಯಲ್ಲೇ. ‘ರೋಲರ್‌ಕೋಸ್ಟರ್ ಟೈಕೂನ್’ ಆಟಗಳನ್ನು ಕ್ರಿಸ್ ಸಾಯರ್ ಎಂಬಾತ ಹೆಚ್ಚುಕಮ್ಮಿ ಪೂರ್ತಿ, ಯಂತ್ರಭಾಷೆಗೆ ತೀರ ಹತ್ತಿರದ ಅಸೆಂಬ್ಲಿಯಲ್ಲಿ ಬರೆದಿದ್ದರು. ಇವರು ಆ ಮೂಲ ಪ್ರೋಗ್ರಾಮನ್ನೇ ಓಡಿಸುತ್ತಾ, ಅದರೊಳಗಿನ ಫಂಕ್ಷನ್‌ಗಳನ್ನು (ಒಂದೊಂದು ಕೆಲಸ ಮಾಡುವ ಕೋಡ್ ತುಂಡುಗಳನ್ನು) ಒಂದೊಂದಾಗಿ ಸಿ ಭಾಷೆಯಲ್ಲಿ ಬರೆದು ಜೋಡಿಸಿದರು. ಕೆಲಸ ಮುಗಿಯಲು ವರ್ಷಗಳೇ ಹಿಡಿದವು. ಆದರೆ ಆಟ ಮೊದಲ ದಿನದಿಂದಲೇ ಆಡಲು ಬರುತ್ತಿತ್ತು. ಇವತ್ತು ಬರೆದದ್ದು ತಪ್ಪಿದ್ದರೆ ಇವತ್ತೇ ಗೊತ್ತಾಗುತ್ತಿತ್ತು.

ನಿನ್ನ ಕೆಲಸ ಇನ್ನೂ ಹಗುರ. ನಿನ್ನ ಆಟದ ಡಾಸ್ (ವಿಂಡೋಸ್‌ಗಿಂತ ಹಿಂದಿನ ಪಿಸಿ) ಆವೃತ್ತಿಯನ್ನು ಬಿಚ್ಚಿ ನೋಡಿ ಸಿ ಭಾಷೆಯಲ್ಲಿ ಬರೆದ ‘ಎಸ್‌ಡಿಎಲ್‌ಪಾಪ್’ ಆಗಲೇ ಇದೆ. ಅದನ್ನು ನಿನ್ನ ಕಾರ್ಗೋ (ರಸ್ಟ್‌ನ ಬಿಲ್ಡ್ ಸಾಧನ) ಪ್ರಾಜೆಕ್ಟಿನೊಳಗೆ ತಂದು, ಸಿ ಕಡತಗಳ ಸಮೇತ ಬಿಲ್ಡ್ ಮಾಡು. ಆಟ ಓಡಲಿ. ಆಮೇಲೆ ಒಂದೊಂದೇ ಫಂಕ್ಷನ್ ರಸ್ಟ್‌ಗೆ ಬರಲಿ. ಅದು ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯಲ್ಲಿದೆ, ಅದನ್ನು ನೋಡಿ ಬರೆದ ನಿನ್ನದನ್ನು ಹಂಚುವುದಾದರೆ ಅದೇ ಪರವಾನಗಿಯಲ್ಲೇ ಹಂಚಬೇಕು. ಮೊದಲಿಗೆ ಏನು ಎತ್ತಿಕೊಳ್ಳಲಿ ಎಂದರೆ, ಯಾದೃಚ್ಛಿಕ ಸಂಖ್ಯೆ ಕೊಡುವ ಪುಟ್ಟ ಫಂಕ್ಷನ್. ಹಳೆಯ ಬೀಜವನ್ನು (ಹಿಂದಿನ ಸಲ ಬಂದ ಸಂಖ್ಯೆಯನ್ನು) 214013ರಿಂದ ಗುಣಿಸಿ 2531011 ಕೂಡಿಸುತ್ತದೆ, ಮೈಕ್ರೋಸಾಫ್ಟ್‌ನ ಹಳೆಯ ಸಿ ಲೈಬ್ರರಿಯ ಲೆಕ್ಕವೂ ಇದೇ. ಗುಣಲಬ್ಧ 32 ಬಿಟ್ ದಾಟಿದರೆ ಸಿ ಹೆಚ್ಚಿನದನ್ನು ಸುಮ್ಮನೆ ಕತ್ತರಿಸಿ ಬಿಸಾಡುತ್ತದೆ. ತಪ್ಪು ಹುಡುಕಲೆಂದು ಮಾಡುವ ರಸ್ಟ್‌ನ ಡಿಬಗ್ ಬಿಲ್ಡ್ ಹಾಗಲ್ಲ, ಅಲ್ಲೇ ಪ್ಯಾನಿಕ್ ಆಗಿ ಕೂರುತ್ತದೆ. ಇಲ್ಲಿ ಬೇಕಾದದ್ದು ಸಿ ಥರವೇ ಹೆಚ್ಚಿನದನ್ನು ಕತ್ತರಿಸಿ ಗುಣಿಸುವ ‘ವ್ರ್ಯಾಪಿಂಗ್ ಮಲ್’. ಹತ್ತು ಸಾಲಿನೊಳಗೆ ಎರಡು ಭಾಷೆಗಳ ಸ್ವಭಾವವೇ ತಿಳಿದುಹೋಗುತ್ತದೆ.

ಬಾರೋ ಚೆಕರ್ ಬೈಯುವ ಕಾರಣ ನೀನು ಬರೆಯದಿದ್ದರೂ ಊಹಿಸಬಲ್ಲೆ. ರಾಜಕುಮಾರ ಒಂದು ಆಬ್ಜೆಕ್ಟು, ಕಾವಲುಗಾರ ಒಂದು ಆಬ್ಜೆಕ್ಟು, ಕತ್ತಿ ಕಾಳಗದಲ್ಲಿ ಇವನ ಕೈಯಲ್ಲಿ ಅವನು, ಅವನ ಕೈಯಲ್ಲಿ ಇವನು. ಕಾಲೇಜಿನಲ್ಲಿ ಕಲಿಸಿದ ಹಾಗೆ. ಒಂದು ವಸ್ತುವನ್ನು ಇಬ್ಬರು ಒಟ್ಟಿಗೆ ತಿದ್ದಲು ರಸ್ಟ್ ಬಿಡುವುದಿಲ್ಲ. ಮೂಲ ಆಟ ಹೇಗೆ ಮಾಡಿದೆ ನೋಡು: ‘ಕಿಡ್’ ಅಂತ ಒಂದು ದಾಖಲೆ, ‘ಗಾರ್ಡ್’ ಅಂತ ಒಂದು. ಸರದಿ ಬಂದವನನ್ನು ‘ಚಾರ್’ ಎಂಬ ತಟ್ಟೆಗೆ ನಕಲು ಮಾಡಿಕೊಳ್ಳುತ್ತದೆ, ಎದುರಾಳಿಯನ್ನು ಇನ್ನೊಂದು ತಟ್ಟೆಗೆ. ಕೆಲಸ ಮುಗಿದ ಮೇಲೆ ವಾಪಸ್ ಬರೆಯುತ್ತದೆ. ಜೋರ್ಡನ್ ಮೆಕ್ನರ್ 1980ರ ದಶಕದಲ್ಲಿ ಆ್ಯಪಲ್ 2 ಯಂತ್ರಕ್ಕೆ ಅಸೆಂಬ್ಲಿಯಲ್ಲಿ ಹೀಗೆ ಬರೆದಾಗ ರಸ್ಟ್ ಯಾರ ಕನಸಿನಲ್ಲೂ ಇರಲಿಲ್ಲ. ಆದರೂ ಬಾರೋ ಚೆಕರ್‌ಗೆ ಇದಕ್ಕಿಂತ ಒಪ್ಪುವ ವಿನ್ಯಾಸ ಇನ್ನೊಂದಿಲ್ಲ. ಯಾವ ಫಂಕ್ಷನ್ ಬೇಕಾದರೂ ಮುಟ್ಟುವ ಗ್ಲೋಬಲ್‌ಗಳನ್ನೆಲ್ಲ ಒಂದೇ ಸ್ಟ್ರಕ್ಟ್‌ಗೆ (ಒಂದೇ ಕಟ್ಟಿಗೆ) ಹಾಕು, ಅದನ್ನೇ ಫಂಕ್ಷನ್‌ನಿಂದ ಫಂಕ್ಷನ್‌ಗೆ ದಾಟಿಸು. ಅರ್ಧ ಜಗಳ ಅಲ್ಲಿಗೆ ತೀರಿತು.

ಉಳಿದರ್ಧ ಜಗಳದಲ್ಲಿ ರಸ್ಟ್ ಹೇಳುವುದೇ ಸರಿ. ಒಂದು ಹಂತಕ್ಕೆ 24 ಕೋಣೆ, ಕೋಣೆಗೆ ಮೂರು ಸಾಲು, ಸಾಲಿಗೆ ಹತ್ತು ಚೌಕ, ಒಟ್ಟು 720. ಕೋಣೆಗಳ ಎಣಿಕೆ 1ರಿಂದ. 0 ಎಂದರೆ ಆ ಕಡೆ ಕೋಣೆಯೇ ಇಲ್ಲ. ಮರೆತು 0ಯಿಂದ 1 ಕಳೆದೆ ಅಂತಿಟ್ಟುಕೋ, ಸಿ ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಗೋಡೆ ಅಂತಲೋ ಗುಂಡಿ ಅಂತಲೋ ಓದಿಕೊಂಡು ಮುಂದೆ ಹೋಗುತ್ತದೆ. ರಸ್ಟ್ ಸಾಲಿನ ನಂಬರ್ ಸಮೇತ ಅಲ್ಲೇ ನಿಲ್ಲಿಸುತ್ತದೆ.

ಝಿಗ್ ಕೆಟ್ಟದ್ದಲ್ಲ. ಸಿ ಕಡತಗಳನ್ನು ತಾನೇ ಕಂಪೈಲ್ ಮಾಡುವುದರಿಂದ ಹಂಚು ಕೈಯಾಡಿಸಲು ರಸ್ಟ್‌ಗಿಂತ ಸಲೀಸು. ರೂಮ್‌ಮೇಟ್ ಅಷ್ಟು ಹೇಳಿದ್ದರೆ ಒಪ್ಪುತ್ತಿದ್ದೆ. ‘ಝಿಗ್ ಫಾಸ್ಟ್’ ಅಂದಿದ್ದರೆ ಈ ಆಟ ಸೆಕೆಂಡಿಗೆ 12 ಫ್ರೇಮ್‌ನಲ್ಲಿ ಓಡುತ್ತದೆ ಎಂದು ಅವನಿಗೆ ತಿಳಿಸು. ಭಾಷೆ ಬದಲಿಸಿಯೂ ದಡ ಮುಟ್ಟಿದವರಿದ್ದಾರೆ, ಇಲ್ಲವೆನ್ನಲಾರೆ. ‘ಮೊರೋವಿಂಡ್’ ಆಟಕ್ಕೆ ‘ಓಪನ್‌ಎಂಡಬ್ಲ್ಯು’ ಎಂಜಿನ್ 2008ರಲ್ಲಿ ಡಿ ಭಾಷೆಯಲ್ಲಿ ಶುರುವಾಗಿ ಆಮೇಲೆ ಸಿ++ಗೆ ಹೊರಳಿತು. ಅವರಿಗೊಂದು ತಂಡ ಇತ್ತು. ನಿನಗಿರುವುದು ಆರನೇ ಸೆಮಿಸ್ಟರ್.

ಇನ್ನೊಂದು ಮಾತು. ಮೂಲ ಆಟದ ತಪ್ಪುಗಳನ್ನು ನೀನಾಗಿ ಸರಿಪಡಿಸಲು ಹೋಗಬೇಡ. ಎಸ್‌ಡಿಎಲ್‌ಪಾಪ್‌ನವರು ಒಂದೊಂದು ತಪ್ಪಿಗೂ ಸೆಟ್ಟಿಂಗ್ ಕಡತದಲ್ಲಿ ಒಂದೊಂದು ಸ್ವಿಚ್ ಇಟ್ಟಿದ್ದಾರೆ. ಬೇಕಾದವರು ಸರಿಪಡಿಸಿಕೊಳ್ಳಲಿ, ಬೇಡದವರು ಹಳೆಯದನ್ನೇ ಆಡಲಿ. ಆಟವನ್ನು ರೆಕಾರ್ಡ್ ಮಾಡಿ ಮತ್ತೆ ನೋಡುವ ಸೌಲಭ್ಯವೂ ಅದರಲ್ಲಿದೆ. ಪೂರ್ತಿ ಆಡಿದ ಒಂದು ರೆಕಾರ್ಡಿಂಗ್ ಇಟ್ಟುಕೋ. ಫಂಕ್ಷನ್ ಬದಲಿಸಿದಾಗಲೆಲ್ಲ ಅದನ್ನು ಓಡಿಸು. ಎಲ್ಲಾದರೂ ರಾಜಕುಮಾರ ಗೋಡೆಗೆ ತಲೆ ಹೊಡೆದುಕೊಂಡ ಎಂದರೆ ನಿನ್ನೆ ಬರೆದ ಕೋಡ್ ತೆಗೆದು ನೋಡು.

ಪ್ರಶ್ನೆ: ಮಗ ರಾತ್ರಿಯೆಲ್ಲ ಕೂತು ಯಾವುದೋ ಕಂಪನಿಯ ಆಟದ ಪ್ರೋಗ್ರಾಮನ್ನು ‘ಬಿಚ್ಚಿ’ ಹೊಸದಾಗಿ ಬರೆಯುತ್ತಿದ್ದಾನೆ. ಇದು ಕಳವಲ್ಲವೇ? ಪೊಲೀಸರು ಬಂದರೆ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಪೊಲೀಸರು ಬರುವುದಕ್ಕಿಂತ ಮುಂಚೆ ವಕೀಲರ ನೋಟಿಸ್ ಬರುತ್ತದೆ, ಗಾಬರಿಯಾಗಬೇಡಿ ಹೆಗಡೇರೇ (ಶಿರಸಿ ಎಂದ ಮೇಲೆ ಹೆಗಡೇರೇ ಇರಬೇಕು, ಅಲ್ಲದಿದ್ದರೆ ಕ್ಷಮೆ ಇರಲಿ).

ಆಟದಲ್ಲಿ ಎರಡು ಪಾಲು. ನಿಯಮಗಳನ್ನು ನಡೆಸುವ ಎಂಜಿನ್ ಒಂದು. ಚಿತ್ರ, ಸದ್ದು, ಸಂಗೀತ, ನಕ್ಷೆ ಇನ್ನೊಂದು. ಎರಡನೆಯದನ್ನು ನಕಲು ಮಾಡಿ ಹಂಚಿದರೆ ತಕರಾರಿಲ್ಲದೆ ತಪ್ಪು. ಅದಕ್ಕೇ ಓಪನ್‌ಎಂಡಬ್ಲ್ಯು, ಓಪನ್‌ಆರ್‌ಸಿಟಿ2 ಎರಡೂ ‘ಮೂಲ ಆಟವನ್ನು ನೀವೇ ಕೊಂಡು ತನ್ನಿ’ ಅನ್ನುತ್ತವೆ. ಎಂಜಿನ್ ವಿಷಯದಲ್ಲಿ ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಸ್ವಲ್ಪ ಉಸಿರಾಡಲು ಬಿಟ್ಟಿದೆ. ನ್ಯಾಯವಾಗಿ ಪಡೆದ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ, ಪರೀಕ್ಷಿಸಿ, ಅದರ ಹಿಂದಿನ ತತ್ತ್ವ ಅರಿಯುವುದು ಉಲ್ಲಂಘನೆಯಲ್ಲ. ತಾನೇ ಬರೆದ ಬೇರೆ ಪ್ರೋಗ್ರಾಮ್ ಇದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ, ಬೇರೆಲ್ಲೂ ಸುಲಭಕ್ಕೆ ಸಿಗದ ಮಾಹಿತಿಯನ್ನು ಹುಡುಕುವುದೂ ಅಲ್ಲ. ಆದರೆ ಮೂಲದ ಯಂತ್ರಭಾಷೆಯನ್ನು ಸಾಲು ಸಾಲಾಗಿ ಸಿ ಭಾಷೆಗೆ ಇಳಿಸಿ ‘ನನ್ನದು’ ಎಂದು ಹಂಚಿದರೆ ಆ ಕಲಂ ಅಷ್ಟು ದೂರ ಕಾಯುತ್ತದೆಂದು ನಾನು ಮಾತು ಕೊಡಲಾರೆ. ‘ಜಿಟಿಎ 3’ ಆಟವನ್ನು ಹೀಗೆ ಬಿಚ್ಚಿ ಬರೆದ ‘ಆರ್‌ಇ3’ ಎಂಬ ಕೋಡನ್ನು 2021ರ ಫೆಬ್ರುವರಿಯಲ್ಲಿ ಆ ಆಟದ ಒಡೆಯ ಟೇಕ್-ಟೂ ಕಂಪನಿ ತೆಗೆಸಿತು. ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ದಾವೆಯನ್ನೂ ಹೂಡಿತು.

ಎಲ್ಲ ಕಂಪನಿಗಳೂ ಹಾಗಿಲ್ಲ. ಇಎ ಕಂಪನಿ ‘ಕಮಾಂಡ್ ಆ್ಯಂಡ್ ಕಾಂಕರ್’ ಸರಣಿಯ ಹಲವು ಆಟಗಳ ಮೂಲ ಕೋಡನ್ನು 2025ರಲ್ಲಿ ತಾನೇ ಜಿಪಿಎಲ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಮಗ ಯಾವ ಆಟ ಬಿಚ್ಚುತ್ತಿದ್ದಾನೆ ಕೇಳಿ. ಆಟ ಕೊಂಡ ರಸೀದಿ ಇದೆಯೇ ಅಂತಲೂ ಕೇಳಿ. ರಾತ್ರಿ ನಿದ್ದೆ ಕೆಡುವುದಕ್ಕೆ ಯಾವ ಕಲಮಿನಲ್ಲೂ ವಿನಾಯಿತಿ ಇಲ್ಲ.

ಪ್ರಶ್ನೆ: ಮೂವತ್ತು ವರ್ಷದ ಹಿಂದಿನ ಆಟವನ್ನು ಮತ್ತೆ ಬರೆದು ಯಾರಿಗೇನು ಪ್ರಯೋಜನ?
— ನಿವೃತ್ತ ಹೈಸ್ಕೂಲು ಶಿಕ್ಷಕರು, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, 1995ರಲ್ಲಿ ನಾನು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ನಾಲ್ಕು ಯಂತ್ರ, ಒಂದು ಎಸಿ. ಡಾಸ್ ಕಮಾಂಡ್ ಬರೆಯಿರಿ ಅಂದರೆ ಹುಡುಗರಿಗೆ ಬರುತ್ತಿದ್ದದ್ದು ಒಂದೇ: ‘ಪ್ರಿನ್ಸ್ ಮೆಗಾಹಿಟ್’. ಹಾಗೆ ಟೈಪ್ ಮಾಡಿ ‘ಪ್ರಿನ್ಸ್ ಆಫ್ ಪರ್ಷಿಯಾ’ ತೆರೆದರೆ ಎಲ್ಲ ಹಂತಗಳನ್ನೂ ಹಾರಿಸಿಕೊಂಡು ಹೋಗಬಹುದಿತ್ತು. ನಡುವೆ ಒಂದು ಕಡೆ, ಆಟದ ಜೊತೆ ಬರುವ ಪುಸ್ತಕ ನೋಡಿ ಸರಿಯಾದ ಅಕ್ಷರದ ಸೀಸೆ ಕುಡಿಯಬೇಕು. ಪುಸ್ತಕ ನಾವ್ಯಾರೂ ಕಂಡವರಲ್ಲ, ನಮ್ಮದೆಲ್ಲ ಕೈಯಿಂದ ಕೈಗೆ ಬಂದ ಫ್ಲಾಪಿ. (ಹೆಗಡೇರೇ, ಇದನ್ನು ಮಗನಿಗೆ ಓದಿ ಹೇಳಬೇಡಿ.)

ಆ ಕಾಲದಲ್ಲಿ ಸಹಕಾರಿ ಸಂಘವೊಂದಕ್ಕೆ ನಾನೇ ಬರೆದ ಲೆಕ್ಕದ ಪ್ರೋಗ್ರಾಮ್ ಇದ್ದ ಫ್ಲಾಪಿಗಳಿಗೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಒಂದು ಸಾಲೂ ಉಳಿಯಲಿಲ್ಲ. ‘ಪ್ರಿನ್ಸ್ ಆಫ್ ಪರ್ಷಿಯಾ’ ಬರೆದ ಮೆಕ್ನರ್ ಅವರ ಕೋಡ್ ಕೂಡ ಕಳೆದೇಹೋಗಿತ್ತು. 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನೊಳಗೆ ಹಿಂದುಗಡೆ ಒಂದು ಡಬ್ಬಿಯಲ್ಲಿ ಸಿಕ್ಕಿತು. ಓದಲು ಬರುವ ಸ್ಥಿತಿಯಲ್ಲಿತ್ತು, ಅದು ಅದೃಷ್ಟ. ಮೆಮೊರಿ ಸಾಲದೆ, ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ, ಅದರ ಮೇಲೇ ಎಕ್ಸ್‌ಕ್ಲೂಸಿವ್ ಆರ್ (ಎರಡು ಬಿಟ್ ಬೇರೆ ಬೇರೆ ಇದ್ದರೆ ಮಾತ್ರ 1 ಕೊಡುವ ಲೆಕ್ಕ) ಮಾಡಿ ಅವನ ನೆರಳಿನಂಥ ಎದುರಾಳಿಯನ್ನು ಹುಟ್ಟಿಸಿದ್ದರು ಆ ಮನುಷ್ಯ. ಅದನ್ನು ಒಬ್ಬ ವಿದ್ಯಾರ್ಥಿ ತಾನೇ ಬರೆದು ನೋಡಿ ಅರ್ಥ ಮಾಡಿಕೊಂಡರೆ, ನಿಮ್ಮ ತರಗತಿಯಲ್ಲಿ ಹುಡುಗನೊಬ್ಬ ಪ್ರಮೇಯವನ್ನು ತಾನಾಗಿ ಸಾಧಿಸಿದಾಗ ಆಗುತ್ತಿತ್ತಲ್ಲ, ಅದೇ ಪ್ರಯೋಜನ.

ಪ್ರಶ್ನೆ: ‘ಟ್ರಾನ್ಸ್‌ಪೋರ್ಟ್ ಟೈಕೂನ್’ ಆಡುವ ಆಸೆ. ಸಿಡಿ ಎಲ್ಲೂ ಇಲ್ಲ. ಏನು ಮಾಡಲಿ?
— ಗೃಹಿಣಿ, ತುಮಕೂರು

ಉತ್ತರ: ಸಿಡಿ ಬೇಡ ತಾಯಿ. ಆ ಆಟವನ್ನೇ ಅಭಿಮಾನಿಗಳು ಹೊಸದಾಗಿ ಬರೆದ ‘ಓಪನ್‌ಟಿಟಿಡಿ’ ಇಳಿಸಿಕೊಳ್ಳಿ, ಕಾಸಿಲ್ಲ. 2004ರಲ್ಲಿ ಅದು ಹೊರಬಂದಾಗ ಮೂಲ ಆಟದ ಕಡತಗಳು ಬೇಕಿದ್ದವು. 2010ರ 1.0 ಆವೃತ್ತಿಯ ಹೊತ್ತಿಗೆ ಅಭಿಮಾನಿಗಳು ಚಿತ್ರ, ಸದ್ದು, ಸಂಗೀತ ಮೂರನ್ನೂ ತಾವೇ ಮಾಡಿಕೊಂಡರು. ಮೊದಲ ಸಲ ತೆರೆದಾಗ ಆ ಚಿತ್ರಗಳ ಕಟ್ಟು ‘ಓಪನ್‌ಜಿಎಫ್‌ಎಕ್ಸ್’ ಇಳಿಸಲೇ ಎಂದು ಕೇಳಿದರೆ ಹೌದು ಅನ್ನಿ. ಮೊದಲ ವ್ಯಾಪಾರಕ್ಕೆ ಕಲ್ಲಿದ್ದಲು ಗಣಿಯಿಂದ ದೂರದ ವಿದ್ಯುತ್ ಕೇಂದ್ರಕ್ಕೆ ರೈಲು ಹಾಕಿ. ಹತ್ತಿರದ್ದಕ್ಕೆ ಹಾಕಿದರೆ ಬಾಡಿಗೆ ಹುಟ್ಟುವುದಿಲ್ಲ.